ಕೊಳಚೆ ಕೆಸರಿನ ಕಾಂಪೋಸ್ಟ್ ಹಾಕಿ ಹುಲ್ಲಿನ ಚಾಪೆ ಬೆಳೆಸುವುದು ಹೇಗೆ?

ನನ್ನ ಹುಲ್ಲಿನ ಮಡಿಯ ಮೂಲೆಯಲ್ಲಿ ಒಂದು ಕಬ್ಬಿಣದ ಗೂಟ ಇದೆ. ನೀರಿನ ಪೈಪು ಎಲ್ಲಿಂದ ಶುರುವಾಗುತ್ತದೆ ಅಂತ ಗುರುತಿಗೆ ಮೊದಲ ವರ್ಷ ಅದನ್ನು ನೆಲದ ಮಟ್ಟಕ್ಕೆ ಹೊಡೆದಿದ್ದೆ. ಐದನೇ ಸಲ ಹುಲ್ಲು ಕತ್ತರಿಸಿ, ಸುರುಳಿ ಸುತ್ತಿ ಕಳಿಸಿದ ಮಾರನೇ ದಿನ ಆ ಗೂಟಕ್ಕೆ ಎಡವಿದೆ. ಹೆಬ್ಬೆರಳು ಉಜ್ಜಿಕೊಂಡು ಟೇಪು ತಂದು ಅಳೆದರೆ ಗೂಟ ಐದು ಸೆಂಟಿಮೀಟರ್ ಮೇಲೆ ನಿಂತಿತ್ತು. ಕಬ್ಬಿಣದ ಗೂಟ ಬೆಳೆಯುತ್ತದಾ? ಇಳಿದದ್ದು ನೆಲ.

ಹುಲ್ಲಿನ ಚಾಪೆ ಅಂದರೆ ಲಾನ್‌ಗೆ ತಂದು ಹಾಸುವ ರೋಲು. ಅದನ್ನು ಬೆಳೆದು ಮಾರುವವರು ಹುಲ್ಲಿನ ಜೊತೆ ಮಣ್ಣನ್ನೂ ಮಾರುತ್ತಾರೆ. ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿದರೆ ಚದರ ಮೀಟರಿಗೆ 15 ಲೀಟರ್ ಎದ್ದು ಹೋಗುತ್ತದೆ. ಅದರಲ್ಲಿ ಬೇರು, ಬುಡ ಎಲ್ಲ ಸೇರಿದೆ ನಿಜ. ಆದರೂ ಉಳಿದದ್ದು ಮೇಲ್ಮಣ್ಣು, ಅದೂ ಒಳ್ಳೆಯ ಮಣ್ಣು. ರಾಸಾಯನಿಕ ಗೊಬ್ಬರದ ಚೀಲ ಎಷ್ಟು ಸುರಿದರೂ ಆ ಐದು ಸೆಂಟಿಮೀಟರ್ ವಾಪಸ್ ಬರುವುದಿಲ್ಲ. ನಾನು ಕೊಳಚೆ ಕೆಸರಿನ ಕಾಂಪೋಸ್ಟ್ ಕಡೆ ತಿರುಗಿದ್ದು ಈ ಕಾರಣಕ್ಕೆ. ನನಗೆ ಅದು ಮೊದಲು ಮಣ್ಣು, ಆಮೇಲೆ ಗೊಬ್ಬರ. ಈ ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಂಡು ಓದಿದರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ಅರ್ಥ ಆಗುತ್ತದೆ.

ಇದು ಏನು, ಯಾಕೆ ಹುಲ್ಲಿಗೆ?

ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ನೀರು ಒಂದು ಕಡೆ ಹೋಗುತ್ತದೆ, ಕೆಸರು ತಳದಲ್ಲಿ ಕೂರುತ್ತದೆ. ಆ ಕೆಸರನ್ನು ಹಿಂಡಿದರೂ ನೂರಕ್ಕೆ 75ರಿಂದ 85 ಭಾಗ ನೀರೇ. ಮುಟ್ಟಿದರೆ ಗಟ್ಟಿ ಹಿಟ್ಟಿನ ಹಾಗೆ ಇರುತ್ತದೆ. ಅದನ್ನು ಹಾಗೇ ರಾಶಿ ಹಾಕಿದರೆ ಗಾಳಿ ಆಡದೆ ನಾರುತ್ತದೆ. ಅದಕ್ಕೆ ಮರದ ಚಕ್ಕೆಗಳನ್ನು ಸೇರಿಸುತ್ತಾರೆ. ಸಾಮಾನ್ಯವಾಗಿ ಕೆಸರು ಒಂದು ಪಾಲಾದರೆ ಚಕ್ಕೆ ಎರಡು ಮೂರು ಪಾಲು. ಚಕ್ಕೆಯ ನಡುವೆ ಗಾಳಿ ಓಡಾಡುತ್ತದೆ, ಸೂಕ್ಷ್ಮಜೀವಿಗಳು ಕೆಸರನ್ನು ತಿನ್ನುತ್ತವೆ, ರಾಶಿ ಕಾಯುತ್ತದೆ. ಕೊನೆಗೆ ಜರಡಿ ಹಿಡಿದು ದೊಡ್ಡ ಚಕ್ಕೆ ತೆಗೆದು ಮುಂದಿನ ರಾಶಿಗೆ ಹಾಕುತ್ತಾರೆ. ಕೆಳಗೆ ಬಿದ್ದ ಕಪ್ಪು ಪುಡಿ ನಮ್ಮ ಸರಕು.

ಕೆಸರಿಗೂ ಹುಲ್ಲಿಗೂ ನಂಟು ಹಳೆಯದು. ಅಮೆರಿಕದ ಮಿಲ್ವಾಕಿ ನಗರ 1926ರಿಂದಲೇ ತನ್ನ ಕೊಳಚೆ ಕೆಸರನ್ನು ಒಣಗಿಸಿ ಮಿಲೋರ್ಗನೈಟ್ ಅನ್ನುವ ಹೆಸರಲ್ಲಿ ಮಾರುತ್ತಿದೆ. ಗಾಲ್ಫ್ ಮೈದಾನಗಳಲ್ಲಿ ಅದು ಮನೆಮಾತು. ಆದರೆ ಅದು ಬಿಸಿಯಲ್ಲಿ ಒಣಗಿಸಿದ ಕಾಳು, ಕಾಂಪೋಸ್ಟ್ ಅಲ್ಲ. ಎರಡನ್ನೂ ಒಂದೇ ಅಂದುಕೊಂಡು ಅಳತೆ ಹಾಕಬೇಡಿ. ಒಣಗಿಸಿದ ಕಾಳಿನಲ್ಲಿ ಸಾರಜನಕ ಮೂರು ನಾಲ್ಕು ಪಟ್ಟು ಜಾಸ್ತಿ, ಹಾಕುವುದು ಹಿಡಿ ಲೆಕ್ಕದಲ್ಲಿ. ಕಾಂಪೋಸ್ಟ್ ಹಾಕುವುದು ಬುಟ್ಟಿ ಲೆಕ್ಕದಲ್ಲಿ.

ಹುಲ್ಲನ್ನು ಯಾರೂ ತಿನ್ನುವುದಿಲ್ಲ, ಅಲ್ವಾ? ಸೊಪ್ಪು ತರಕಾರಿಗೆ ಹಾಕಲು ಹಿಂದೆಮುಂದೆ ನೋಡುವವರಿಗೂ ಲಾನ್‌ಗೆ ಹಾಕಲು ಅಷ್ಟು ಅಳುಕು ಇರುವುದಿಲ್ಲ. ಆದರೆ ಲಾನ್ ಮೇಲೆ ಮಕ್ಕಳು ಹೊರಳಾಡುತ್ತಾರೆ. ತಿನ್ನುವುದಿಲ್ಲ ಅಂತ ಉದಾಸೀನ ಮಾಡುವ ಹಾಗಿಲ್ಲ.

ಕೊಳ್ಳುವ ಮೊದಲು ಕೇಳಬೇಕಾದ ಕಾಗದ

ಮೊದಲೇ ಹೇಳಿಬಿಡುತ್ತೇನೆ. ಹಸಿ ಕೆಸರು ತಂದು ಹಿತ್ತಲಲ್ಲಿ ನೀವೇ ಕಾಂಪೋಸ್ಟ್ ಮಾಡಲು ಹೋಗಬೇಡಿ. ಸಣ್ಣ ರಾಶಿ ಬೇಕಾದಷ್ಟು ಕಾಯುವುದಿಲ್ಲ, ರೋಗಾಣು ಸಾಯುವುದಿಲ್ಲ. ಅದು ಘಟಕದವರ ಕೆಲಸ. ನಮ್ಮ ಕೆಲಸ ಅವರು ಸರಿಯಾಗಿ ಮಾಡಿದ್ದಾರಾ ಅಂತ ನೋಡುವುದು.

ಮೊದಲು ಬಿಸಿಯ ದಾಖಲೆ ಕೇಳಿ. ಅಮೆರಿಕದ ಪರಿಸರ ಸಂಸ್ಥೆ 1993ರಲ್ಲಿ ತಂದ ನಿಯಮ, ಭಾಗ 503 ಅಂತ ಕರೆಯುವುದು, ಈ ವಿಷಯದಲ್ಲಿ ಒಳ್ಳೆಯ ಅಳತೆಗೋಲು. ಅದರ ಪ್ರಕಾರ ಉದ್ದನೆಯ ರಾಶಿ ಹಾಕಿ ತಿರುವುವ ಪದ್ಧತಿಯಲ್ಲಿ 55 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಿಸಿ 15 ದಿನ ಇರಬೇಕು, ಅಷ್ಟರಲ್ಲಿ ಕನಿಷ್ಠ 5 ಸಲ ತಿರುವಿ ಹಾಕಿರಬೇಕು. ರಾಶಿಯ ಅಡಿಯಿಂದ ಗಾಳಿ ಊದುವ ಪದ್ಧತಿಯಾದರೆ 55 ಡಿಗ್ರಿಯಲ್ಲಿ 3 ದಿನ ಸಾಕು. ತಿರುವುವುದು ಯಾಕೆ ಅಂದರೆ ರಾಶಿಯ ಹೊಟ್ಟೆ ಕಾದರೂ ಹೊರಮೈ ತಣ್ಣಗೇ ಇರುತ್ತದೆ. ಹೊರಗಿದ್ದದ್ದು ಒಳಗೆ ಹೋಗಬೇಕು. ಜಂತುಹುಳುವಿನ ಮೊಟ್ಟೆ ಭಾರಿ ಗಟ್ಟಿಜೀವ. ಬೇರೆ ಎಲ್ಲ ಸತ್ತರೂ ಅದು ಉಳಿಯುತ್ತದೆ. ಈ ಬಿಸಿಯ ಲೆಕ್ಕ ಹಾಕಿರುವುದು ಮುಖ್ಯವಾಗಿ ಅಂಥವನ್ನು ಕೊಲ್ಲುವುದಕ್ಕೆ.

ಈ ಮಟ್ಟ ಮುಟ್ಟಿದ್ದನ್ನು ಆ ನಿಯಮದಲ್ಲಿ ಎ ದರ್ಜೆ ಅನ್ನುತ್ತಾರೆ. ಒಣ ತೂಕದ ಒಂದು ಗ್ರಾಂಗೆ ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಸಂಖ್ಯೆ 1000ಕ್ಕಿಂತ ಕಡಿಮೆ ಇರಬೇಕು, ಅಥವಾ 4 ಗ್ರಾಂಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ 3ಕ್ಕಿಂತ ಕಡಿಮೆ ಇರಬೇಕು. ರೋಗಾಣು ಪೂರ್ತಿ ಸಾಯದ ಬಿ ದರ್ಜೆಯ ಕೆಸರೂ ಸಿಗುತ್ತದೆ, ಅಗ್ಗಕ್ಕೇ ಸಿಗುತ್ತದೆ. ನಮ್ಮಂಥವರು ಅದರ ಹತ್ತಿರ ಹೋಗದಿರುವುದೇ ಒಳ್ಳೆಯದು. ಬಿ ದರ್ಜೆಯದ್ದನ್ನು ಹಾಕಿದ ನೆಲದಿಂದ ಮನೆಯ ಲಾನ್‌ಗೋ, ಜನ ಓಡಾಡುವ ಜಾಗಕ್ಕೋ ಹೋಗುವ ಹುಲ್ಲನ್ನು ಒಂದು ವರ್ಷ ಕತ್ತರಿಸಬಾರದು ಅಂತ ಅದೇ ನಿಯಮದಲ್ಲಿ ಬರೆದಿದೆ. ಹುಲ್ಲಿನ ಚಾಪೆಗೇ ಅಂತ ಬರೆದ ಸಾಲು ಅದು. ಎ ದರ್ಜೆಯ ಕಾಂಪೋಸ್ಟಿಗೆ ಆ ಕಾಯುವಿಕೆ ಇಲ್ಲ.

ಎರಡನೇ ಕಾಗದ ಲೋಹಗಳದ್ದು. ನಗರದ ಚರಂಡಿಗೆ ಕಾರ್ಖಾನೆಗಳ ನೀರೂ ಸೇರಿದರೆ ಕ್ಯಾಡ್ಮಿಯಂ, ಸೀಸ, ನಿಕ್ಕಲ್ ಎಲ್ಲ ಕೆಸರಿನಲ್ಲೇ ಬಂದು ಕೂರುತ್ತವೆ. ಕಾಂಪೋಸ್ಟ್ ಮಾಡಿದರೆ ರೋಗಾಣು ಸಾಯುತ್ತದೆ, ಲೋಹ ಎಲ್ಲಿಗೂ ಹೋಗುವುದಿಲ್ಲ. ಸಾವಯವ ಭಾಗ ಕರಗಿದ ಹಾಗೆ ಉಳಿದದ್ದರಲ್ಲಿ ಲೋಹದ ಪಾಲು ಇನ್ನೂ ಜಾಸ್ತಿಯಾಗುತ್ತದೆ. 503ರ ಒಳ್ಳೆಯ ದರ್ಜೆಯ ಮಿತಿ ಒಣ ತೂಕದ ಕಿಲೋಗೆ ಹೀಗಿದೆ: ಆರ್ಸೆನಿಕ್ 41 ಮಿಲಿಗ್ರಾಂ, ಕ್ಯಾಡ್ಮಿಯಂ 39, ಸೀಸ 300, ಪಾದರಸ 17, ನಿಕ್ಕಲ್ 420, ತಾಮ್ರ 1500, ಸತು 2800. ಯುರೋಪಿನ ಹಲವು ದೇಶಗಳ ಮಿತಿ ಇದಕ್ಕಿಂತ ಬಿಗಿ. ನಿಮ್ಮಲ್ಲಿ ಯಾವ ನಿಯಮ ಇದೆಯೋ ಅದನ್ನೇ ಪಾಲಿಸಿ. ನಾನಂತೂ ಈ ಮಿತಿಯ ಕಾಲು ಭಾಗದ ಒಳಗಿದ್ದರೆ ಮಾತ್ರ ತರುತ್ತೇನೆ. ಅದು ನನ್ನ ಸ್ವಂತ ಹಟ, ವಿಜ್ಞಾನ ಅಲ್ಲ.

ಇನ್ನೊಂದು ವಿಷಯ ಈಚಿನದು. ಪಿಫಾಸ್ ಅನ್ನುವ ರಾಸಾಯನಿಕಗಳಿವೆ, ಅಂಟದ ತವೆಯಿಂದ ಹಿಡಿದು ನೀರು ತಾಗದ ಬಟ್ಟೆಯವರೆಗೆ ಬಳಸುವಂಥವು. ಕಾಂಪೋಸ್ಟಿನ ಬಿಸಿಗೆ ಅವು ಜಗ್ಗುವುದಿಲ್ಲ. ಅಮೆರಿಕದ ಮೇನ್ ರಾಜ್ಯ ಇದೇ ಕಾರಣಕ್ಕೆ 2022ರಲ್ಲಿ ಕೆಸರನ್ನೂ ಅದರ ಕಾಂಪೋಸ್ಟನ್ನೂ ನೆಲಕ್ಕೆ ಹಾಕುವುದನ್ನೇ ನಿಷೇಧಿಸಿತು. ಆದ್ದರಿಂದ ಘಟಕಕ್ಕೆ ಎಲ್ಲಿಯ ನೀರು ಬರುತ್ತದೆ ಅಂತ ಕೇಳಿ. ಬರೀ ಮನೆಗಳ ನೀರು ಬರುವ ಘಟಕ ಒಂದು ಮಟ್ಟಕ್ಕೆ ವಾಸಿ. ಲೋಹ ಲೇಪನ ಮಾಡುವ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳು ಸೇರಿಕೊಂಡಿದ್ದರೆ ಪರೀಕ್ಷೆಯ ಕಾಗದ ಇಲ್ಲದೆ ಮುಂದೆ ಹೋಗಬೇಡಿ. ಕುಡಿಯುವ ನೀರಿನ ಬಾವಿ ಪಕ್ಕದಲ್ಲಿ ಇದ್ದರೂ ಬೇಡ.

ಮೂಗು, ಚೀಲ ಮತ್ತು ಮೂಲಂಗಿ ಬೀಜ

ಕಾಗದ ಸರಿಯಿದ್ದರೂ ಗೊಬ್ಬರ ಮಾಗಿರಬೇಕಲ್ಲ. ಇಲ್ಲಿ ನಾನು ಚೆನ್ನಾಗಿ ಕೈ ಸುಟ್ಟುಕೊಂಡಿದ್ದೇನೆ.

ಕಾಂಪೋಸ್ಟ್ ಹಾಕಲು ಶುರು ಮಾಡಿದ ಎರಡನೇ ವರ್ಷ ಒಂದು ಲೋಡ್ ತರಿಸಿದೆ. ಲಾರಿ ಹಿಂದಿನ ಬಾಗಿಲು ತೆಗೆದಾಗ ಹಬೆ ಎದ್ದಿತು. ಬೆಳಗಿನ ಚಳಿಗೆ ನೋಡಲು ಚೆನ್ನಾಗೇ ಇತ್ತು. ನನ್ನ ಜೊತೆ ಮೊದಲಿನಿಂದ ಕೆಲಸ ಮಾಡುವ ಅಕ್ಕ ಒಬ್ಬರಿದ್ದಾರೆ. ಅವರು ಮೂಗಿಗೆ ಸೆರಗು ಹಿಡಿದು, “ಇದು ಇನ್ನೂ ಬೇಯ್ತಾ ಇದೆ, ಹಾಕಬೇಡಿ” ಅಂದರು. “ಅಕ್ಕಾ, ಬಿಸಿ ಇದ್ರೆ ಒಳ್ಳೇದು, ರೋಗಾಣು ಸಾಯುತ್ತೆ” ಅಂತ ನಾನು ದೊಡ್ಡ ಪಂಡಿತರ ಹಾಗೆ ಹೇಳಿದೆ. ಹರಡಿಸಿ, ರೋಟವೇಟರ್ ಹೊಡೆಸಿ, ಮೂರನೇ ದಿನವೇ ಬೀಜ ಬಿತ್ತಿದೆ.

ಎರಡು ವಾರ ಕಳೆದರೂ ಅಲ್ಲೊಂದು ಇಲ್ಲೊಂದು ಮೊಳಕೆ. ಬಂದ ಮೊಳಕೆಯ ತುದಿ ಸುಟ್ಟ ಹಾಗೆ ಕಂದು. ಬಗ್ಗಿ ಮೂಸಿದರೆ ಕಣ್ಣಿಗೆ ಹತ್ತುವ ಅಮೋನಿಯಾ. ಮಡಿಯ ಒಂದು ಅಂಚಿನಲ್ಲಿ ಮಾತ್ರ ಹಸಿರು ದಟ್ಟವಾಗಿತ್ತು. ಖುಷಿಯಿಂದ ಹತ್ತಿರ ಹೋಗಿ ನೋಡಿದರೆ ಅದು ಹುಲ್ಲಲ್ಲ, ಟೊಮೆಟೊ ಸಸಿ! ನೂರಾರು. ಟೊಮೆಟೊ ಬೀಜ ಮನುಷ್ಯರ ಹೊಟ್ಟೆ ದಾಟಿ, ಚರಂಡಿ ದಾಟಿ, ಘಟಕವನ್ನೂ ದಾಟಿ ಜೀವಂತ ಬರುತ್ತದೆ. ಸರಿಯಾಗಿ ಕಾದ ರಾಶಿಯಲ್ಲಿ ಮಾತ್ರ ಅದು ಸಾಯುತ್ತದೆ. ಅಂದರೆ ಆ ಅಂಚಿಗೆ ಬಿದ್ದ ಗೊಬ್ಬರ ರಾಶಿಯ ಹೊರಮೈಯದ್ದು, ತಿರುವದೆ ಬಿಟ್ಟದ್ದು. ಬೀಜವೇ ಸತ್ತಿಲ್ಲ ಅಂದಮೇಲೆ ಅದರ ಜೊತೆಗಿದ್ದ ರೋಗಾಣುಗಳ ಗತಿ? ಆ ಅಂಚನ್ನು ಬಿಸಿಲಿಗೆ ಬಿಟ್ಟು ಒಂದು ವರ್ಷ ಮುಟ್ಟಲಿಲ್ಲ. ಅಕ್ಕ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಈಗ ಪ್ರತಿ ಲೋಡಿಗೂ ಮೂರು ಪರೀಕ್ಷೆ ಮಾಡುತ್ತೇನೆ. ಯಾವುದಕ್ಕೂ ಯಂತ್ರ ಬೇಡ.

ರಾಶಿಯ ಬೇರೆ ಬೇರೆ ಕಡೆಯಿಂದ, ಮೊಣಕೈವರೆಗೆ ಒಳಗಿಂದ, ಕೈಗವಸು ಹಾಕಿಕೊಂಡು ಒಂದೊಂದು ಹಿಡಿ ತೆಗೆಯಿರಿ. ಎಲ್ಲ ಬೆರೆಸಿ ಹಿಂಡಿ ನೋಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಜಾಸ್ತಿ ಒದ್ದೆ. ಕೈ ಬಿಟ್ಟ ಕೂಡಲೇ ಪುಡಿಪುಡಿಯಾಗಿ ಧೂಳೆದ್ದರೆ ತೀರಾ ಒಣ. ಉಂಡೆ ನಿಂತು, ಬೆರಳಲ್ಲಿ ತಟ್ಟಿದರೆ ಒಡೆಯಬೇಕು. ಅದೇ ಹದ.

ಅದೇ ಹದದ ಗೊಬ್ಬರವನ್ನು ಒಂದು ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ನೆರಳಲ್ಲಿ ಮೂರು ದಿನ ಇಡಿ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಮಾಗಿದೆ. ಅಮೋನಿಯಾ ಮೂಗಿಗೆ ಹೊಡೆದರೆ, ಕೊಳೆತ ಮೊಟ್ಟೆಯ ನಾತ ಬಂದರೆ, ಚೀಲ ಉಬ್ಬಿದ್ದರೆ ಇನ್ನೂ ಕೆಲಸ ಬಾಕಿ ಇದೆ. ರಾಶಿ ಹಾಕಿ ಇನ್ನೊಂದು ತಿಂಗಳು ಬಿಡಿ.

ಕೊನೆಯದು ಮೂಲಂಗಿ ಬೀಜ. ಒಂದು ತಟ್ಟೆಯಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅರ್ಧ ಮಣ್ಣು ಅರ್ಧ ಕಾಂಪೋಸ್ಟ್. ಎರಡಕ್ಕೂ ಇಪ್ಪತ್ತಿಪ್ಪತ್ತು ಬೀಜ. ಒಂದು ವಾರದಲ್ಲಿ ಎಣಿಸಿ. ಮಣ್ಣಿನಲ್ಲಿ 18 ಹುಟ್ಟಿ ಕಾಂಪೋಸ್ಟಿನಲ್ಲಿ 9 ಹುಟ್ಟಿದರೆ ಅಮೋನಿಯಾನೋ ಉಪ್ಪೋ ಕಾಡುತ್ತಿದೆ. ಬೇರೂ ಕಿತ್ತು ನೋಡಿ. ಬೆಳ್ಳಗೆ ಉದ್ದ ಇಳಿದಿರಬೇಕು. ಮೊಂಡಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಡ.

ಈ ಪರೀಕ್ಷೆ ಮಾಡುವಾಗಲೂ, ಗೊಬ್ಬರ ಹರಡುವಾಗಲೂ ಮಾಸ್ಕ್ ಹಾಕಿಕೊಳ್ಳಿ. ಮರದ ಚಕ್ಕೆಯ ಕಾಂಪೋಸ್ಟಿನ ಧೂಳಿನಲ್ಲಿ ಆಸ್ಪರ್ಜಿಲಸ್ ಅನ್ನುವ ಬೂಷ್ಟಿನ ಬೀಜಕಣ ಇರುತ್ತವೆ. ಆಸ್ತಮಾ ಇದ್ದವರು ದೂರ ಇರಲಿ. ಹರಡುವ ಮೊದಲು ಸ್ವಲ್ಪ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ.

ಎಷ್ಟು ಹಾಕಬೇಕು?

ನಾನು ಹಾಕುವುದು ಎರಡೂವರೆ ಸೆಂಟಿಮೀಟರ್ ದಪ್ಪ. ಜಾಳು ಮರಳು ನೆಲವಾದರೆ ಐದರವರೆಗೆ ಹೋಗಬಹುದು, ಅದಕ್ಕಿಂತ ಬೇಡ. ಇದನ್ನು ಮೇಲಿನ 10ರಿಂದ 15 ಸೆಂಟಿಮೀಟರ್ ಮಣ್ಣಿಗೆ ಬೆರೆಸಬೇಕು.

ಇದರಲ್ಲಿ ಹುಲ್ಲಿಗೆ ಎಷ್ಟು ಊಟ ಸಿಗುತ್ತದೆ? ಲೆಕ್ಕ ಹಾಕೋಣ. ಎರಡೂವರೆ ಸೆಂಟಿಮೀಟರ್ ಅಂದರೆ ಚದರ ಮೀಟರಿಗೆ 25 ಲೀಟರ್. ಲೀಟರ್ ಸುಮಾರು 600 ಗ್ರಾಂ ತೂಗಿದರೆ 15 ಕಿಲೋ. ಅದರಲ್ಲಿ ನೂರಕ್ಕೆ 40 ನೀರು ಕಳೆದರೆ ಒಣ ಗೊಬ್ಬರ 9 ಕಿಲೋ. ಸಾರಜನಕ ನೂರಕ್ಕೆ ಒಂದೂವರೆ ಅಂತ ಇಟ್ಟುಕೊಂಡರೆ 135 ಗ್ರಾಂ. ಅಬ್ಬಾ, ಇಷ್ಟೊಂದಾ ಅನ್ನಿಸುತ್ತದೆ. ಆದರೆ ಕಾಂಪೋಸ್ಟಿನ ಸಾರಜನಕ ಗಂಟು ಕಟ್ಟಿಕೊಂಡಿರುತ್ತದೆ. ಮೊದಲ ವರ್ಷ ಬಿಚ್ಚಿಕೊಳ್ಳುವುದು ಹತ್ತರಲ್ಲಿ ಒಂದು ಪಾಲು. ಅಂದರೆ 13 ಗ್ರಾಂ ಚಿಲ್ಲರೆ. ಚಾಪೆಗೆ ಬೆಳೆಸುವ ಹುಲ್ಲು ವರ್ಷಕ್ಕೆ 20 ಗ್ರಾಂ ಆಸುಪಾಸು ಕೇಳುತ್ತದೆ. ಬಾಕಿ ಏಳೆಂಟು ಗ್ರಾಂ ನಾವು ಮಾಮೂಲಿ ಗೊಬ್ಬರದಿಂದ ಕೊಡಬೇಕು, ಅದೂ ಒಂದು ಸಲಕ್ಕೆ ಎರಡೂವರೆ ಗ್ರಾಂನಷ್ಟೇ. ನಿಮ್ಮ ಕಾಂಪೋಸ್ಟಿನ ಪರೀಕ್ಷೆಯ ಅಂಕಿ ಬೇರೆ ಇರುತ್ತದೆ. ಲೆಕ್ಕದ ದಾರಿ ಇದೇ.

ಪೊಟ್ಯಾಷ್ ಮಾತ್ರ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪೊಟ್ಯಾಷ್ ನೀರಿನಲ್ಲಿ ಕರಗುತ್ತದೆ. ಘಟಕದಲ್ಲಿ ನೀರಿನ ಜೊತೆಯೇ ಹೊರಗೆ ಹೋಗಿಬಿಡುತ್ತದೆ, ಕೆಸರಿನಲ್ಲಿ ಕೂರುವುದಿಲ್ಲ. ಪೊಟ್ಯಾಷ್ ಕಡಿಮೆಯಾದರೆ ಹುಲ್ಲು ಬಿಸಿಲು, ತುಳಿತ ತಡೆಯುವುದಿಲ್ಲ. ಮಣ್ಣು ಪರೀಕ್ಷೆ ನೋಡಿ ಬೇರೆಯಾಗಿ ಹಾಕಿ.

ರಂಜಕದ ಕಥೆ ಉಲ್ಟಾ. ಅದು ಬೇಕಾದದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಮೇಲಿನ ಅಳತೆಯಲ್ಲೇ ನೂರಕ್ಕೆ ಒಂದು ಭಾಗ ಅಂದರೂ ಚದರ ಮೀಟರಿಗೆ 90 ಗ್ರಾಂ. ಹುಲ್ಲಿಗೆ ಅದರಲ್ಲಿ ಒಂದು ಚಿಟಿಕೆ ಸಾಕು. ಆದ್ದರಿಂದ ರಂಜಕ ತುಂಬಿದ ಡಿಎಪಿ ಗೊಬ್ಬರದ ಹತ್ತಿರ ಸುಳಿಯಬೇಡಿ. ಇಳಿಜಾರಿನ ಕೆಳಗೆ ಕೆರೆಯೋ ಹೊಳೆಯೋ ಇದ್ದರೆ ನಡುವೆ ಹತ್ತು ಮೀಟರ್ ಗೊಬ್ಬರ ಹಾಕದ ಹುಲ್ಲಿನ ಪಟ್ಟಿ ಬಿಡಿ. ರಂಜಕ ಹರಿದು ನೀರಿಗೆ ಸೇರಿದರೆ ಪಾಚಿ ಕಟ್ಟುತ್ತದೆ. ಇಲ್ಲಿ ಚಾಪೆ ಬೆಳೆಯುವವರಿಗೆ ಒಂದು ಅನುಕೂಲ ಇದೆ. ರಂಜಕ ಮೇಲ್ಮಣ್ಣಿನಲ್ಲೇ ಕೂತಿರುತ್ತದೆ, ಚಾಪೆ ಕತ್ತರಿಸಿದಾಗ ಒಂದು ಪಾಲು ಅದರ ಜೊತೆಯೇ ಎದ್ದು ಹೋಗುತ್ತದೆ. ಹೋದದ್ದು ಮಾಯವಾಗಲಿಲ್ಲ, ಕೊಂಡವರ ಅಂಗಳಕ್ಕೆ ಹೋಯಿತು. ಅವರಿಗೂ “ಇದಕ್ಕೆ ರಂಜಕ ಹಾಕಬೇಡಿ” ಅಂತ ಹೇಳಿ ಕಳಿಸುವುದು ಧರ್ಮ.

ಕೆಲವು ಘಟಕಗಳಲ್ಲಿ ಕೆಸರು ಹಿಂಡಲು ಕಬ್ಬಿಣದ ಉಪ್ಪು ಬಳಸುತ್ತಾರೆ. ಅಂಥ ಕಾಂಪೋಸ್ಟ್ ಸಿಕ್ಕರೆ ಹುಲ್ಲಿನ ಬಣ್ಣವೇ ಬೇರೆ, ಕಡುಹಸಿರು. ಇನ್ನು ಕೆಲವರು ಸುಣ್ಣ ಹಾಕುತ್ತಾರೆ. ಅದರಲ್ಲಿ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಏರಿರುತ್ತದೆ, ಕಬ್ಬಿಣ ಇದ್ದರೂ ಹುಲ್ಲಿಗೆ ದಕ್ಕದೆ ಹಳದಿಯಾಗುತ್ತದೆ. ಪಿಎಚ್ 6ರಿಂದ 7ರ ನಡುವೆ ಇದ್ದರೆ ನೆಮ್ಮದಿ.

ಉಪ್ಪಿನ ಅಂಶ ಅಳೆಯಲು ಇಸಿ, ಅಂದರೆ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡುವ ಪರೀಕ್ಷೆ ಮಾಡಿಸಿ. ಮಣ್ಣಿಗೆ ಬೆರೆಸಿದ ಮೇಲೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಬಾರದು. ಎಳೆ ಮೊಳಕೆಗೆ 2ರ ಒಳಗಿದ್ದರೆ ಇನ್ನೂ ಒಳ್ಳೆಯದು. ಜಾಸ್ತಿ ಇದ್ದರೆ ಬಿತ್ತುವ ಮೊದಲು ಎರಡು ಮೂರು ಸಲ ಚೆನ್ನಾಗಿ ನೀರು ಕಟ್ಟಿ ಇಳಿಸಿ.

ಮಡಿ ಮಾಡಿ ಬಿತ್ತುವುದು

ಜರಡಿ 10 ಮಿಲಿಮೀಟರಿನದ್ದಾಗಿರಲಿ. ದೊಡ್ಡ ಚಕ್ಕೆ ಉಳಿದರೆ ಎರಡು ತೊಂದರೆ. ಅದು ಕೊಳೆಯುವಾಗ ಸುತ್ತಲಿನ ಸಾರಜನಕ ಎಳೆದುಕೊಂಡು ಹಳದಿ ಮಚ್ಚೆ ಮಾಡುತ್ತದೆ. ಆಮೇಲೆ ಕತ್ತರಿಸುವ ಯಂತ್ರದ ಅಲಗಿಗೆ ಸಿಕ್ಕಿ ಚಾಪೆ ಹರಿಯುತ್ತದೆ.

ಹರಡಿ, ರೋಟವೇಟರ್ ಎರಡು ಸಲ ಅಡ್ಡಡ್ಡ ಹೊಡೆಸಿ. ಬೆರೆಸದೆ ಪದರವಾಗಿ ಬಿಟ್ಟರೆ ಬೇರು ಕಾಂಪೋಸ್ಟಿನಲ್ಲೇ ಸುತ್ತಾಡುತ್ತದೆ, ಕೆಳಗೆ ಇಳಿಯುವುದಿಲ್ಲ. ಒಣಗಿದ ಕಾಂಪೋಸ್ಟಿನ ಪದರ ನೀರನ್ನೂ ಒಳಗೆ ಬಿಡುವುದಿಲ್ಲ. ಹನಿಗಳು ಕೆಸುವಿನೆಲೆಯ ಮೇಲೆ ಉರುಳಿದ ಹಾಗೆ ಉರುಳುತ್ತವೆ. ಆಮೇಲೆ ಮಟ್ಟ ಮಾಡಿ, ರೋಲರ್ ಎಳೆದು, ಒಂದು ವಾರ ನೀರು ಕೊಟ್ಟು ಕಳೆ ಹುಟ್ಟಲು ಬಿಡಿ. ಹುಟ್ಟಿದ್ದನ್ನು ಕಿತ್ತ ಮೇಲೆ ಬಿತ್ತಿ. ಬರ್ಮುಡಾ, ಅಂದರೆ ಗರಿಕೆಯ ಜಾತಿಯದು, ಜೋಯ್ಸಿಯಾ ಇಂಥವನ್ನು ತುಂಡು ಬಳ್ಳಿ ನೆಟ್ಟು ಹಬ್ಬಿಸಬಹುದು. ಫೆಸ್ಕ್ಯೂ ಥರದ ಗುಂಪಾಗಿ ಬೆಳೆಯುವ ಹುಲ್ಲು ತಾನಾಗಿ ಹೆಣೆದುಕೊಳ್ಳುವುದು ಕಡಿಮೆ. ಅದಕ್ಕೆ ಮಣ್ಣಿನೊಳಗೆ ತೆಳು ಬಲೆ ಹಾಸಿಯೇ ಬಿತ್ತಬೇಕು.

ಪ್ಲಾಸ್ಟಿಕ್ ಹಾಳೆಯ ಮೇಲೆ

ನೆಲವೇ ಇಲ್ಲದೆ ಚಾಪೆ ಬೆಳೆಸುವ ದಾರಿಯೂ ಇದೆ. ನನಗೆ ತುಂಬಾ ಇಷ್ಟ, ಆದರೆ ಹಟಮಾರಿ ಪದ್ಧತಿ. ಸ್ವಲ್ಪ ಇಳಿಜಾರು ಮಾಡಿದ ಗಟ್ಟಿ ನೆಲದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಅದರ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಕಾಂಪೋಸ್ಟ್. ಮೂರು ಪಾಲು ಕಾಂಪೋಸ್ಟಿಗೆ ಒಂದು ಪಾಲು ಮರಳು ಸೇರಿಸಿದರೆ ನೀರು ಬಸಿಯುತ್ತದೆ. ಬೀಜ ಬಿತ್ತಿ ಅಥವಾ ಬಳ್ಳಿ ಹರಡಿ. ಬೇರು ಇಳಿಯುತ್ತಾ ಹಾಳೆಗೆ ತಾಗಿ, ದಾರಿ ಸಿಗದೆ ಪಕ್ಕಕ್ಕೆ ತಿರುಗುತ್ತದೆ. ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿಯ ಹಾಗೆ ಹೆಣೆದುಕೊಳ್ಳುತ್ತದೆ. ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ತಿಂಗಳಿಗೆ ಚಾಕುವಿನಿಂದ ಅಂಚು ಕೊಯ್ದು ಕೈಯಲ್ಲೇ ಎತ್ತಬಹುದು. ನೆಲದಲ್ಲಿ ಬೆಳೆಸಿದ್ದಕ್ಕೆ ಹುಲ್ಲಿನ ಜಾತಿ ನೋಡಿಕೊಂಡು ಆರು ತಿಂಗಳಿಂದ ಒಂದೂವರೆ ವರ್ಷ ಬೇಕು. ಬೇರು ಕತ್ತರಿಸದೆ ಇಡಿಯಾಗಿ ಬರುವುದರಿಂದ ಹೊಸ ಜಾಗದಲ್ಲಿ ಬೇಗ ಹಿಡಿಯುತ್ತದೆ. ನಮ್ಮ ನೆಲದ ಮಣ್ಣು ಒಂದು ಚಿಟಿಕೆಯೂ ಹೋಗುವುದಿಲ್ಲ.

ಕಷ್ಟ ಏನು ಅಂದರೆ ನೀರು. ಮೂರು ಸೆಂಟಿಮೀಟರ್ ಪದರ ಮಧ್ಯಾಹ್ನದ ಬಿಸಿಲಿಗೆ ಒಣಗಿಬಿಡುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ತುಸು ತುಸುವೇ ಕೊಡಬೇಕು. ಜೋರು ಮಳೆ ಬಂದರೆ ಬೇರು ಹೆಣೆಯುವ ಮೊದಲು ಎಲ್ಲ ತೊಳೆದು ಹೋಗುತ್ತದೆ. ನನ್ನದು ಒಂದು ರಾತ್ರಿ ಅರ್ಧ ಹಾಳೆ ಖಾಲಿಯಾಗಿ, ಬೆಳಿಗ್ಗೆ ಕೆಳಗಿನ ಬೇಲಿಗೆ ಹಸಿರು ಗಂಜಿ ಮೆತ್ತಿಕೊಂಡಿತ್ತು. ಈಗ ಕೆಳ ಅಂಚಿಗೆ ಹಲಗೆ ಕೊಡುತ್ತೇನೆ, ಮೊದಲ ಮೂರು ವಾರ ತೆಳು ಬಟ್ಟೆ ಹೊದಿಸುತ್ತೇನೆ. ಉಪ್ಪು ಇಳಿದು ಹೋಗಲು ಇಲ್ಲಿ ಕೆಳಗೆ ಮಣ್ಣಿಲ್ಲ. ಆದ್ದರಿಂದ ಕಾಂಪೋಸ್ಟನ್ನು ಮೊದಲೇ ತೊಳೆದು ಬಳಸಿ. ಮೊದಲ ಸಲ ಹತ್ತು ಚದರ ಮೀಟರಿಗಿಂತ ಜಾಸ್ತಿ ಮಾಡಬೇಡಿ.

ಕತ್ತರಿಸುವ ಮೊದಲು

ಕಡುಹಸಿರು ಕಂಡು ಮೋಸ ಹೋಗಬೇಡಿ. ಸಾರಜನಕ ಜಾಸ್ತಿಯಾದ ಹುಲ್ಲು ಮೇಲೆ ಥಳುಕು, ಒಳಗೆ ಹುಳುಕು. ಎಲೆ ಸೊಂಪಾಗಿ ಬರುತ್ತದೆ, ಬೇರು ಸೋಮಾರಿಯಾಗುತ್ತದೆ. ಒಂದು ಸಲ ನಾನು ಕಾಂಪೋಸ್ಟಿನ ಮೇಲೆ ಯೂರಿಯಾವನ್ನೂ ಧಾರಾಳವಾಗಿ ಕೊಟ್ಟೆ. ನೋಡಿದವರೆಲ್ಲ ಹೊಗಳಿದರು. ಕತ್ತರಿಸಿ ಎತ್ತಿದಾಗ ಚಾಪೆ ನೆನೆದ ಕಾಗದದ ಹಾಗೆ ಮಧ್ಯಕ್ಕೆ ಹರಿಯಿತು.

ಅದಕ್ಕೆ ಈಗ ಮೊದಲು ಒಂದೇ ಒಂದು ತುಂಡು ಕತ್ತರಿಸುತ್ತೇನೆ. ಒಂದು ಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ. ಒಂದು ತುದಿ ಹಿಡಿದು ಎದೆ ಮಟ್ಟಕ್ಕೆ ಎತ್ತಿ ಹತ್ತು ಎಣಿಸುತ್ತೇನೆ. ತನ್ನ ಭಾರ ತಾನು ತಡೆದು ನೇತಾಡಿದರೆ ತಯಾರು. ಕೆಳಗಿನಿಂದ ಮಣ್ಣು ಉದುರಿದರೆ, ಬಿರುಕು ಬಿಟ್ಟರೆ ಇನ್ನು ಮೂರು ವಾರ. ಕಾಂಪೋಸ್ಟ್ ಹಾಕಿದ ಚಾಪೆ ಹಗುರ, ನೀರನ್ನೂ ಜಾಸ್ತಿ ಹೊತ್ತು ಹಿಡಿಯುತ್ತದೆ. ಹೊರುವವರ ಬೆನ್ನಿಗೆ ಅದು ಸಣ್ಣ ವಿಷಯ ಅಲ್ಲ.

ಕತ್ತರಿಸುವ ಹಿಂದಿನ ಎರಡು ಮೂರು ವಾರ ಸಾರಜನಕ ಪೂರ್ತಿ ನಿಲ್ಲಿಸಿ. ಹಿಂದಿನ ದಿನ ಹುಲ್ಲನ್ನು ಗಿಡ್ಡ ಕತ್ತರಿಸಿ, ತುಣುಕು ಗುಡಿಸಿ ತೆಗೆಯಿರಿ. ಸುರುಳಿ ಸುತ್ತಿ ಅಟ್ಟಿ ಕಟ್ಟಿದ ಹುಲ್ಲು ಉಸಿರಾಡುತ್ತಾ ಒಳಗೇ ಬಿಸಿಯಾಗುತ್ತದೆ. ಎಲೆ ಜಾಸ್ತಿ, ಸಾರಜನಕ ಜಾಸ್ತಿ ಇದ್ದಷ್ಟೂ ಬಿಸಿ ಬೇಗ ಏರುತ್ತದೆ. ರಾಶಿಯ ಮಧ್ಯಕ್ಕೆ ಕೈ ತೂರಿಸಿ ನೋಡಿ, ಬೆಚ್ಚಗೆ ಹತ್ತಿದರೆ ಆಗಲೇ ತಡವಾಗಿದೆ. ಬೆಳಗಿನ ತಂಪಿನಲ್ಲಿ ಕತ್ತರಿಸಿ, ಅದೇ ದಿನ ಹಾಸುವ ಹಾಗೆ ಕಳಿಸಿ. ಹಾಸುವ ಕಡೆಯ ನೆಲಕ್ಕೂ ಒಂದು ಬೆರಳು ಕಾಂಪೋಸ್ಟ್ ಬೆರೆಸಿಕೊಳ್ಳಲು ಹೇಳಿ. ಮೇಲೆ ಮೆತ್ತಗಿನ ಮಣ್ಣು, ಕೆಳಗೆ ಗಟ್ಟಿ ಜೇಡಿ ಇದ್ದರೆ ನೀರು ಎರಡರ ನಡುವೆ ನಿಲ್ಲುತ್ತದೆ, ಬೇರು ಕೊಳೆಯುತ್ತದೆ.

ಗೂಟದ ಬುಡಕ್ಕೆ ವಾಪಸ್

ಚಾಪೆ ಹೋದ ಮೇಲೆ ಬೋಳು ಮಡಿಯನ್ನು ಅಳೆಯುವುದು ನನ್ನ ಮೊದಲ ಕೆಲಸ. ಗೂಟ ಎಷ್ಟು ಮೇಲೆದ್ದಿದೆಯೋ ಅದರ ಎರಡರಷ್ಟು ದಪ್ಪ ಕಾಂಪೋಸ್ಟ್ ಹಾಕುತ್ತೇನೆ, ಆದರೆ ಒಂದು ಸಲಕ್ಕೆ ಎರಡೂವರೆ ಸೆಂಟಿಮೀಟರ್ ಮೀರುವುದಿಲ್ಲ. ಎರಡರಷ್ಟು ಯಾಕೆ ಅಂದರೆ ಕಾಂಪೋಸ್ಟಿನ ಒಣ ತೂಕದಲ್ಲಿ ಅರ್ಧದಷ್ಟು ಸಾವಯವ. ಅದು ವರ್ಷಗಳಲ್ಲಿ ಕರಗಿ ಗಾಳಿಗೆ ಸೇರುತ್ತದೆ. ಮಣ್ಣಾಗಿ ಉಳಿಯುವುದು ಇನ್ನರ್ಧ. ಲೋಹದ ಲೆಕ್ಕವೂ ಇಲ್ಲೇ ಬರುತ್ತದೆ. ಪ್ರತಿ ಸಲ ಹಾಕಿದ ಅಳತೆ, ಆ ಲೋಡಿನ ಪರೀಕ್ಷೆಯ ಅಂಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ವರ್ಷಕ್ಕೊಮ್ಮೆ ಮಡಿಯ ಮಣ್ಣನ್ನೇ ಪರೀಕ್ಷೆಗೆ ಕಳಿಸಿ, ಸತು, ತಾಮ್ರ, ರಂಜಕ ಎಷ್ಟಕ್ಕೆ ಏರಿದೆ ನೋಡಿ. ರಂಜಕ ತೀರಾ ಏರಿದ್ದರೆ ಒಂದು ಬೆಳೆ ಕಾಂಪೋಸ್ಟ್ ಬಿಟ್ಟು ಎಲೆಗೊಬ್ಬರದಲ್ಲೇ ಸುಧಾರಿಸಿ.

ನನ್ನ ಗೂಟ ಈ ಸಲ ಅಳೆದಾಗ ಒಂದೂವರೆ ಸೆಂಟಿಮೀಟರ್ ಮೇಲಿತ್ತು. ಐದರಿಂದ ಅಲ್ಲಿಗೆ ಇಳಿಯಲು ನಾಲ್ಕು ಬೆಳೆ ಹಿಡಿಯಿತು. ಅಕ್ಕ ಅದರ ತಲೆಗೆ ಕೆಂಪು ಬಟ್ಟೆ ಕಟ್ಟಿದ್ದಾರೆ, ನಾನು ಮತ್ತೆ ಎಡವದ ಹಾಗೆ.